ಅಡಿಗೆಮನೆಯ ಹೊಗೆ ತಾಗಿದ ಪುಸ್ತಕಗಳು

ಈ ಸಂಚಿಕೆಗಾಗಿ ನಮ್ಮ ಶಾಲೆಯ ಪುಸ್ತಕಭಂಡಾರದ ವಿಷಯವಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಪುಸ್ತಕಗಳ ಲೆಕ್ಕವನ್ನು ಒಪ್ಪಿಸಿ ಸುಮ್ಮನಾಗೋಣವೆಂದು ಎಣಿಸಿದ್ದೆವು. ಆದರೆ ಅಲ್ಲಿನ ಒಂದು ಕಪಾಟಿನ ಸಂಗತಿಯನ್ನು ಹೇಳದೆ ಬಿಡಲು ಮನಸ್ಸು ಒಪ್ಪದು. ಅದು ನಮ್ಮ ತಪ್ಪಿನ ಸಂಗತಿಯೂ ಹೌದು.

ನಾವು ಮುಖ್ಯೋಪಾಧ್ಯಾಯಿನಿಯಾಗಿ ಬಂದ ವರುಷವೇ ಭಕ್ತಿಗ್ರಂಥಗಳನ್ನು ಬೇರೆ ಕಪಾಟಿನಲ್ಲಿರಿಸಿ, ಬೀಗ ಹಾಕಿ, ಬೀಗದ ಕೈಯನ್ನು ನಮ್ಮಲ್ಲಿಯೇ ಇಟ್ಟುಕೊಂಡೆವು. ಅದರಲ್ಲಿ ಪ್ರಸಂಗಗಳಿದ್ದವು, ವ್ಯಾಖ್ಯಾನಗಳಿದ್ದವು, ಸತ್ಪುರುಷರ ಚರಿತ್ರೆಗಳಿದ್ದವು. ಆ ಚರಿತ್ರೆಗಳಲ್ಲಿ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಯಾರ ಮನೆಯಲ್ಲಿಯೂ ಅಕ್ಕಿ ಮುಗಿಯುತ್ತಿರಲಿಲ್ಲ.

ಬೋರ್ಡಿಂಗಿನಲ್ಲಿ ಬೆಳಗಾವಿ ಕಡೆಯ ಹುಡುಗಿಯೊಬ್ಬಳಿದ್ದಳು. ಬೇಸಿಗೆಯ ರಜೆಯಲ್ಲಿ ಅವಳ ತಾಯಿ ತೀರಿಕೊಂಡರು. ಹಿಂದಿರುಗಿ ಬಂದವಳು ಸಾಯಂಕಾಲದ ಪ್ರಾರ್ಥನೆಯಲ್ಲಿ ಬಾಯಿ ತೆರೆಯದಾದಳು. ಸಂತೈಸುವ ಉದ್ದೇಶದಿಂದ ಕಪಾಟಿನ ಒಂದು ಪುಸ್ತಕವನ್ನು ಕೊಟ್ಟೆವು. ಮೂರನೆಯ ದಿನ ತಂದು ಮೇಜಿನ ಮೇಲಿಟ್ಟಳು. ಇನ್ನೊಂದನ್ನು ಕೊಟ್ಟೆವು. ಅದನ್ನೂ ತಂದಿಟ್ಟು, "ಅಕ್ಕನವರೇ, ಇವರೆಲ್ಲರೂ ಅತ್ತ ಕೂಡಲೇ ಸಮಾಧಾನ ಹೊಂದುತ್ತಾರೆ. ನನಗೆ ಹಾಗೆ ಆಗುವುದಿಲ್ಲ. ದೇವರ ಮೇಲೆ ಸಿಟ್ಟಾದವರು ಬರೆದದ್ದು ಏನಾದರೂ ಇದೆಯೇ?" ಎಂದು ಕೇಳಿದಳು. ನಾವು ಗದರಿಸಿ ಕಳುಹಿಸಿದೆವು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ನಮ್ಮ ತಾಯಿಯವರು ಗತಿಸಿದಾಗ ಇದೇ ಪ್ರಶ್ನೆ ನಮ್ಮಲ್ಲಿಯೂ ಹುಟ್ಟಿತ್ತು, ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಯೋಬನ ಗ್ರಂಥವು ನೆನಪಾದದ್ದು ಮರುದಿನ ಬೆಳಿಗ್ಗೆ. ಉಪಾಧ್ಯಾಯಿನಿಯರ ಬುದ್ಧಿ ಒಮ್ಮೊಮ್ಮೆ ತಡವಾಗಿಯೇ ಬರುತ್ತದೆ.

ಒಂದು ತಿಂಗಳ ತರುವಾಯ, ಓದಿನ ಹೊತ್ತಿನಲ್ಲಿ ಅವಳು ಅಡಿಗೆಮನೆಯ ಸೌದೆಯ ಒಟ್ಟಿಲ ಹಿಂದೆ ಕುಳಿತು ಒಂದು ಮರಾಠಿ ಪುಸ್ತಕವನ್ನು ಓದುತ್ತಿದ್ದುದನ್ನು ಕಂಡೆವು. ಅವಳ ತಾಯಿಯ ಪುಸ್ತಕವದು. ಅಂಚಿನಲ್ಲಿ ಅರಿಸಿನದ ಬೆರಳುಗುರುತುಗಳು. ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ'. ನಮ್ಮ ಮರಾಠಿ ಎಡವುವ ಮರಾಠಿ. ಆದುದರಿಂದ ಕಸಿದುಕೊಳ್ಳುವ ಬದಲು, ದಿನವೂ ಊಟವಾದ ಮೇಲೆ ಅದನ್ನು ನಮಗೆ ಓದಿ ಹೇಳಬೇಕೆಂದು ಅಪ್ಪಣೆಮಾಡಿದೆವು.

ಎಂತಹ ಪುಸ್ತಕ! ಆಕೆಯ ಪತಿ, ಕವಿ ನಾರಾಯಣ ವಾಮನ ಟಿಳಕರು, 1895ರಲ್ಲಿ ದೀಕ್ಷಾಸ್ನಾನ ಹೊಂದಿದರು. ಆಕೆಯಾದರೋ ಅತಿಯಾದ ಮಡಿಯ ತಂದೆಯ ಮನೆಯಲ್ಲಿ ಬೆಳೆದವರು. ಪತಿಯನ್ನಗಲಿ ಅತ್ತರು, ಕಂಗೆಟ್ಟರು, ಬೈದರು. ಮತ್ತೆ ಜೊತೆಗೂಡಿದ ಮೇಲೆಯೂ ಮಡಿಯನ್ನು ಒಮ್ಮೆಲೇ ಬಿಡಲಿಲ್ಲ. ಯಾರ ಉಪದೇಶವೂ ಅವರನ್ನು ಅವಸರಪಡಿಸಲಾರದಾಯಿತು. 1900ರಲ್ಲಿ ತಾವಾಗಿಯೇ ದೀಕ್ಷಾಸ್ನಾನ ತೆಗೆದುಕೊಂಡರು. ಆಮೇಲಾದರೂ ಸಂಸಾರ ಸುಗಮವಾಯಿತೇ? ಕೈಗೆ ಬಂದ ಹಣವನ್ನು ಹಂಚಿಬಿಡುವ ಪತಿ, ಹೇಳದೆ ಬರುವ ಅತಿಥಿಗಳು, ಬರಿದಾದ ಡಬ್ಬಿಗಳು. ಇವನ್ನೆಲ್ಲ ಆಕೆ ಮುಚ್ಚಿಡದೆ, ತಮ್ಮನ್ನು ತಾವೇ ನಗುತ್ತ ಹೇಳಿದ್ದಾರೆ. ಹೆಚ್ಚು ಶಾಲೆ ಕಾಣದ ಈ ಗೃಹಿಣಿ, ಪತಿಯು 1919ರಲ್ಲಿ ತೀರಿಕೊಂಡ ಬಳಿಕ ಅವರು ಅರ್ಧಕ್ಕೆ ಬಿಟ್ಟಿದ್ದ 'ಕ್ರಿಸ್ತಾಯನ' ಕಾವ್ಯವನ್ನು ತಾವೇ ಮುಗಿಸಿದರು. ಓದುತ್ತ ಓದುತ್ತ ಆ ಹುಡುಗಿ ಒಂದು ದಿನ ಗಟ್ಟಿಯಾಗಿ ನಕ್ಕಳು. ರಜೆಯ ನಂತರ ಅವಳು ನಕ್ಕದ್ದು ಅಂದೇ ಮೊದಲು.

ಆಮೇಲೆ ನಾವು ನಮ್ಮ ಕಪಾಟನ್ನು ಹೊಸ ಕಣ್ಣಿನಿಂದ ನೋಡಿದೆವು. ಪ್ಯಾರಿಸಿನ ಮಠವೊಂದರ ಅಡಿಗೆಮನೆಯಲ್ಲಿ ಪಾತ್ರೆಗಳ ನಡುವೆಯೇ ದೇವರೊಡನೆ ಮಾತಾಡುತ್ತಿದ್ದ ಸಹೋದರ ಲಾರೆನ್ಸನ ಚಿಕ್ಕ ಪುಸ್ತಕ ಧೂಳು ಹಿಡಿದಿತ್ತು. ಒಡೆದ ಪಾತ್ರೆಗಳನ್ನು ಬೆಸೆಯುತ್ತಿದ್ದ ಬನಿಯನನ 'ಯಾತ್ರಿಕನ ಸಂಚಾರ'ವನ್ನು ನಾವು ಚಿಕ್ಕಂದಿನಲ್ಲಿ ಓದಿದ್ದೆವು. ಆದರೆ 1678ರ ಮೊದಲನೆಯ ಭಾಗವನ್ನು ಮಾತ್ರ. ಅದರಲ್ಲಿ ಯಾತ್ರಿಕನು ಹೆಂಡತಿ ಮಕ್ಕಳು ಕೂಗುತ್ತಿರಲು ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಹಿಂದುಳಿದವರ ಗತಿಯೇನೆಂದು ನಾವು ಆಗ ಯೋಚಿಸಲೇ ಇಲ್ಲ. 1684ರ ಎರಡನೆಯ ಭಾಗದಲ್ಲಿ ಆ ಹೆಂಡತಿಯೇ ನಾಲ್ವರು ಗಂಡುಮಕ್ಕಳನ್ನು ಕರೆದುಕೊಂಡು ಹೊರಡುತ್ತಾಳೆ. ಜೊತೆಗೆ ಹೋದ ಯುವತಿಯು ಸದಾ ಹೊಲಿಗೆಯಲ್ಲಿರುವುದನ್ನು ಕಂಡು ಒಬ್ಬ ವರನು ಮೆಚ್ಚುತ್ತಾನೆ. ಹೊಲಿದ ಬಟ್ಟೆಯೆಲ್ಲ ಬಡವರಿಗೆಂದು ತಿಳಿದೊಡನೆ ಮಾಯವಾಗುತ್ತಾನೆ! ನಮ್ಮ ಹಿರಿಯ ತರಗತಿಯ ಹುಡುಗಿಯರು ಈ ಪ್ರಸಂಗವನ್ನು ಎರಡು ಸಲ ಓದಿಸಿಕೊಂಡರು.

ಕ್ರಿಸ್ಮಸ್ಸಿಗೆ ಮುಂಚಿನ ಒಂದು ಸಂಜೆ ಆ ಹುಡುಗಿ ತಾನಾಗಿಯೇ ಎದ್ದು ಪ್ರಾರ್ಥನೆ ಮಾಡಿದಳು. ಏನು ಹೇಳಿಕೊಂಡಳೆಂಬುದನ್ನು ಇಲ್ಲಿ ಬರೆಯುವುದು ತರವಲ್ಲ. ಅದು ಸೌಮ್ಯವಾದ ಪ್ರಾರ್ಥನೆಯಾಗಿರಲಿಲ್ಲ, ನಾವೂ ತಡೆಯಲಿಲ್ಲ.

ಆ ಕಪಾಟಿಗೆ ಈಗ ಬೀಗವಿಲ್ಲ. 'ಸ್ಮೃತಿಚಿತ್ರೆ'ಯ ಆ ಪ್ರತಿಯೂ ಅಲ್ಲಿಲ್ಲ. ಅದು ತಾಯಿಯದು, ಶಾಲೆ ಬಿಡುವ ದಿನ ಅವಳು ಅದನ್ನು ಸೀರೆಗಳ ನಡುವೆ ಮಡಿಸಿಟ್ಟುಕೊಂಡು ಹೋದಳು.