ಒಂದು ಋತುವಿನ ಜಮಾ-ಖರ್ಚು

ನಗರ್ತಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಪ್ರಪಂಚವೆಲ್ಲ ಜಮಾ-ಖರ್ಚಿನ ಪುಸ್ತಕದಂತೆ ಕಾಣುವುದು ಸಹಜ. ನಮ್ಮ ಗಲ್ಲಿಯ ಹುಡುಗರು ಕ್ರಿಕೆಟ್ಟಿನಲ್ಲಿ ನೇರವಾಗಿ ಹೊಡೆಯುವುದನ್ನು ಮಾತ್ರ ಕಲಿಯುತ್ತಾರೆ. ಪಕ್ಕಕ್ಕೆ ಹೊಡೆದರೆ ಚೆಂಡು ಯಾರದೋ ಅಂಗಡಿಯ ಬಟ್ಟೆಯ ಥಾನಿನ ಮೇಲೆ ಬೀಳುತ್ತದೆ. ಬಿದ್ದ ಚೆಂಡು ಹಿಂದಿರುಗುವುದಿಲ್ಲ. ಆದ್ದರಿಂದ ಕರ್ನಾಟಕ ತಂಡದ 2024-25ರ ಋತುವನ್ನು ಕುರಿತು ಬರೆಯಲು ಕುಳಿತಾಗ, ನಾನೂ ತಂದೆಯವರಂತೆ ಹಾಳೆಯ ನಡುವೆ ಒಂದು ಗೆರೆ ಎಳೆದೆ.

ಮೊದಲು ಜಮೆಯ ಕಡೆ ನೋಡೋಣ. 2025ರ ಜನವರಿ 18ರಂದು ವಡೋದರದಲ್ಲಿ ನಮ್ಮವರು ವಿದರ್ಭವನ್ನು 36 ರನ್ನುಗಳಿಂದ ಸೋಲಿಸಿ, ವಿಜಯ್ ಹಜಾರೆ ಟ್ರೋಫಿಯನ್ನು ಐದನೆಯ ಸಲ ಗೆದ್ದರು. ಇಪ್ಪತ್ತೊಂದರ ಹರೆಯದ ಎಡಗೈ ಆಟಗಾರ ಆರ್. ಸ್ಮರಣ್ 101 ರನ್ನು ಹೊಡೆದರು. ಅದಾದ ಒಂದು ವಾರದೊಳಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಣಜಿ ಪಂದ್ಯ. ಪಂಜಾಬ್ ತಂಡ 55 ರನ್ನಿಗೆ ಉರುಳಿತು. ಸ್ಮರಣ್ 203 ರನ್ನು ಗಳಿಸಿದರು. ಗೆಲುವು ಒಂದು ಇನ್ನಿಂಗ್ಸು ಮತ್ತು 207 ರನ್ನುಗಳಿಂದ.

ಇನ್ನು ಖರ್ಚಿನ ಕಡೆ. ರಣಜಿಯಲ್ಲಿ ಪೂರ್ತಿ ಗೆದ್ದರೆ ಆರು ಅಂಕ, ಇನ್ನಿಂಗ್ಸಿನಿಂದ ಗೆದ್ದರೆ ಏಳು. ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೆ ಮೂರು, ಹಿಂದಿದ್ದವರಿಗೆ ಒಂದು. ಅಕ್ಟೋಬರಿನಲ್ಲಿ ಇಂದೂರಿನಲ್ಲಿಯೂ, ಆಲೂರಿನಲ್ಲಿ ಕೇರಳದ ಎದುರಿಗೂ ಮಳೆ ಆಟವನ್ನು ನುಂಗಿತು. ಬಂಗಾಳದ ಎದುರು ಮೊದಲ ಇನ್ನಿಂಗ್ಸಿನಲ್ಲಿ ಹಿಂದೆ ಬಿದ್ದೆವು. ಹೀಗೆ ಕಾಲು, ಅರ್ಧ ಎಂದು ಸೋರಿಹೋದ ಹಣ ತಿಂಗಳ ಕೊನೆಯಲ್ಲಿ ದೊಡ್ಡ ಮೊತ್ತವಾಗುವುದು ವ್ಯಾಪಾರಿಗಳಿಗೆ ಹೊಸ ಮಾತೇನಲ್ಲ. ಹರಿಯಾಣದ ಎದುರು ಕೊನೆಯ ಪಂದ್ಯವನ್ನು ಪೂರ್ತಿ ಗೆಲ್ಲಲೇಬೇಕಾಯಿತು. ಅದು ಡ್ರಾ ಆಯಿತು. 2015ರ ಹೊತ್ತಿಗೆ ಎಂಟು ಸಲ ರಣಜಿ ಗೆದ್ದಿದ್ದ ನಾಡು ಕ್ವಾರ್ಟರ್ ಫೈನಲ್ಲಿನ ಬಾಗಿಲಿನಿಂದಲೇ ಹಿಂದಿರುಗಿತು.

ಆ ಪಂದ್ಯದ ಕೊನೆಯ ದಿನ, ಫೆಬ್ರವರಿ 2, ಭಾನುವಾರ. ಅಂಗಡಿಗೆ ರಜೆ. ತಂದೆಯವರನ್ನು ಬಲವಂತದಿಂದ ಕರೆದುಕೊಂಡು ಹೋದೆ. ಬಲವಂತಕ್ಕೆ ಕಾರಣವೂ ಇತ್ತು. ಹಿಂದಿನ ಪರೀಕ್ಷೆಯಲ್ಲಿ ನಾನು ಒಂದು ಪತ್ರಿಕೆಯಲ್ಲಿ ನಪಾಸಾಗಿದ್ದೆ. ಕಾಲೇಜು ಬಿಡಿಸಿ ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವ ಮಾತು ಮನೆಯಲ್ಲಿ ನಡೆದಿತ್ತು.

ಗ್ಯಾಲರಿ ಬಹುಮಟ್ಟಿಗೆ ಖಾಲಿ. ಗೆಲುವಿನ ಆಸೆಯೂ ಹಾಗೆಯೇ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ವೃದ್ಧರು ಕರುಣ್ ನಾಯರ್ ವಿಷಯ ಎತ್ತಿದರು. ತಂದೆ ಕಿವಿಗೊಟ್ಟು, "ಯಾರಪ್ಪ ಅವನು?" ಎಂದರು. ನಾನು ಹೇಳಿದೆ: 2015ರ ರಣಜಿ ಫೈನಲ್ಲಿನಲ್ಲಿ ನಮಗಾಗಿ 328 ರನ್ನು ಹೊಡೆದವರು, 2016ರಲ್ಲಿ ಮದರಾಸಿನ ಟೆಸ್ಟಿನಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303 ಗಳಿಸಿದವರು. ಆಮೇಲೆ ಆಟ ಕೈಕೊಟ್ಟಿತು, ತಂಡದಲ್ಲಿ ಜಾಗ ಹೋಯಿತು, 2023ರಲ್ಲಿ ವಿದರ್ಭಕ್ಕೆ ಹೋದರು. ಈ ಸಲದ ವಿಜಯ್ ಹಜಾರೆಯಲ್ಲಿ ಐದು ಶತಕ ಹೊಡೆದು 779 ರನ್ನು ಗಳಿಸಿದ್ದಾರೆ. ಔಟಾದದ್ದು ಎರಡೇ ಸಲ.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಅಂಗಡಿಯಲ್ಲೂ ಒಬ್ಬ ಗುಮಾಸ್ತ ಇದ್ದ. ಒಂದು ವರ್ಷ ಲೆಕ್ಕ ತಪ್ಪಿದ. ಕಳಿಸಿಬಿಟ್ಟೆ. ಈಗ ಚಿಕ್ಕಪೇಟೆಯಲ್ಲಿ ಇನ್ನೊಬ್ಬರ ಅಂಗಡಿಗೆ ಅವನೇ ಬಲಗೈ. ಆ ವರ್ಷ ಅವನ ತಾಯಿ ತೀರಿಕೊಂಡಿದ್ದಳು, ನಾನು ವಿಚಾರಿಸಲೇ ಇಲ್ಲ" ಎಂದರು.

ಕಬ್ಬನ್ ಪಾರ್ಕಿನ ಮರಗಳ ಕೆಳಗೆ ನಡೆದು ಬರುವಾಗ ಅವರು ಮತ್ತೆ ಬಾಯಿಬಿಟ್ಟರು: "ಆ ಪತ್ರಿಕೆಗೆ ಮತ್ತೆ ಕಟ್ಟು. ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ."

ಅದೇ ತಿಂಗಳ ಕೊನೆಯಲ್ಲಿ ಶುರುವಾದ ನಾಗಪುರದ ರಣಜಿ ಫೈನಲ್ಲಿನಲ್ಲಿ ಕರುಣ್ 86 ಮತ್ತು 135 ರನ್ನು ಹೊಡೆದು ವಿದರ್ಭಕ್ಕೆ ಪ್ರಶಸ್ತಿ ಬರಲು ನೆರವಾದರು. ನಮ್ಮ ನಾಣ್ಯ ಪರರ ಖಾತೆಯಲ್ಲಿ ಜಮೆಯಾಯಿತು. ನನ್ನ ಹಾಳೆಯಲ್ಲಿ ಅದನ್ನು ಗೆರೆಯ ಯಾವ ಕಡೆ ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ.

ಆ ಖಾಲಿ ಜಾಗ ತುಂಬಿದ್ದು ಮರುಋತುವಿನಲ್ಲಿ. ಕರುಣ್ ತಾಯ್ನಾಡಿನ ತಂಡಕ್ಕೆ ಹಿಂದಿರುಗಿದರು. 2025ರ ನವೆಂಬರಿನಲ್ಲಿ ಕೇರಳದ ಎದುರು ಅವರು 233, ಸ್ಮರಣ್ ಔಟಾಗದೆ 220. ಹಿರಿಯನೂ ಕಿರಿಯನೂ ಒಂದೇ ಪುಟದಲ್ಲಿ. ಸ್ಮರಣ್ ಅವರಿಗೂ ಎಂದಾದರೊಂದು ವರ್ಷ ಆಟ ಕೈಕೊಡುತ್ತದೆ. ಕೈಕೊಡದ ಆಟಗಾರ ಇನ್ನೂ ಹುಟ್ಟಿಲ್ಲ. ಆಗ ನಾವು ಅವರ ಲೆಕ್ಕವನ್ನು ಅವಸರದಿಂದ ಮುಗಿಸದಿದ್ದರೆ ಸಾಕು. ತಂಡದ ಭವಿಷ್ಯದ ಬಗ್ಗೆ ನನಗಿರುವ ಆಸೆ ಅಷ್ಟೇ.

ಅಂದ ಹಾಗೆ, ಆ ಪತ್ರಿಕೆಯಲ್ಲಿ ನಾನು ಪಾಸಾದೆ. ಅಂಕಗಳೆಷ್ಟೆಂದು ಅಧ್ಯಾಪಕರಿಗೆ ಗೊತ್ತಿದೆ. ಮಿತ್ರರು ಕೇಳದಿದ್ದರೆ ಒಳ್ಳೆಯದು.