ಕಿಟಕಿ ಪಕ್ಕದ ಸೀಟು

ಹೋದ ವರ್ಷ ಯಾದಗಿರಿಯ ದಂತವೈದ್ಯರೊಬ್ಬರು ಅಣ್ಣನಿಗೆ, ಬಾಯಿ ತೆರೆದು ಮೂರು ಬೆರಳು ಜೋಡಿಸಿ ಒಳಗಿಡಲು ಹೇಳಿದರು. ಎರಡೂ ಸರಿಯಾಗಿ ಹೋಗಲಿಲ್ಲ. ಹದಿನೆಂಟು ವರ್ಷ ಗುಟ್ಕಾ ಜಗಿದ ಬಾಯಿ ಒಳಗೊಳಗೇ ಬಿಗಿದುಕೊಂಡಿತ್ತು. "ಇವತ್ತೇ ಬಿಡಬೇಕು" ಎಂದರು. ಅಣ್ಣ ಹೂಂ ಅಂದ. ಹೊರಗೆ ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಕೈ ಜೇಬಿನಲ್ಲಿತ್ತು.

"ಅಣ್ಣಾ, ಈಗ ಹೂಂ ಅಂದಿ ಅಲ್ಲಾ?"

"ನಾ ಎಲ್ಲಿ ತಗದೆ ತಮ್ಮಾ, ಕೈ ತಾನೇ ಹೋಗ್ತದ."

ಇದು ನೆಪ ಎಂದುಕೊಂಡೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್ ಆಗಿ ಸಿಗತೊಡಗಿತು. ಅಣ್ಣ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ. ಮನಸ್ಸು ಗಟ್ಟಿ ಇದ್ದರೆ ಬಿಡಬಹುದು ಎಂದು ಆಗಲೂ ಬೈದಿದ್ದೆ.

ಆ ರಾತ್ರಿ ಚಟದ ಬಗ್ಗೆ ಓದುತ್ತಾ ಕುಳಿತೆ. ಸಿಕ್ಕಿದ್ದು ಕೊಕೇನ್ ಕುರಿತ ಬರಹ. ನಮ್ಮ ಸುರಪುರದ ಕಡೆ ಅದು ಸಿನಿಮಾದಲ್ಲಿ ಕಂಡ ವಸ್ತುವಷ್ಟೇ. ಮಿದುಳಿನ ನರಕೋಶಗಳು ಡೋಪಮೈನನ್ನು ಹೊರಬಿಟ್ಟು ಮತ್ತೆ ಹೀರಿಕೊಳ್ಳುತ್ತವೆ. ಕೊಕೇನ್ ಆ ಹೀರುವಿಕೆಯನ್ನೇ ತಡೆಯುತ್ತದೆ. ತಂಬಾಕಿನ ನಿಕೋಟಿನ್ ಬೇರೆ ದಾರಿಯಿಂದ ಅದೇ ಡೋಪಮೈನನ್ನು ಹೆಚ್ಚಿಸುತ್ತದೆ. 'ಇನ್ನೊಮ್ಮೆ' ಎನ್ನುವುದನ್ನು ಮಿದುಳು ಹೀಗೆ ಕಲಿಯುತ್ತದೆ. 'ತಡಿ' ಎನ್ನಬೇಕಾದ್ದು ಹಣೆಯ ಹಿಂದಿನ ಭಾಗ.

2012ರಲ್ಲಿ ಕೇಂಬ್ರಿಡ್ಜ್‌ನ ಕ್ಯಾರನ್ ಎರ್ಷೆ ಅವರ ತಂಡ 50 ಜೋಡಿ ಒಡಹುಟ್ಟಿದವರ ಅಧ್ಯಯನ ಪ್ರಕಟಿಸಿತು. ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಕೊಕೇನ್‌ನಂಥ ಉತ್ತೇಜಕಗಳ ಚಟ, ಇನ್ನೊಬ್ಬರಿಗೆ ಇಲ್ಲ. ಬಾಣದ ಗುರುತು ಕಂಡರೆ ಗುಂಡಿ ಒತ್ತಬೇಕು. ಸದ್ದು ಕೇಳಿದರೆ ಹೊರಟ ಬೆರಳನ್ನು ನಿಲ್ಲಿಸಬೇಕು. ಚಟವಿಲ್ಲದವರೂ ನಿಲ್ಲಿಸುವುದರಲ್ಲಿ ಹಿಂದೆ ಬಿದ್ದರು. ತಡೆಯುವ ನರಜಾಲದ ಕೊರತೆ ಇಬ್ಬರಲ್ಲೂ ಇತ್ತು.

ತಿಂಥಣಿ ಮೌನೇಶ್ವರ ಜಾತ್ರೆ ನೆನಪಾಯಿತು. ಅಪ್ಪ ಕೊಟ್ಟ ಹತ್ತು ಹತ್ತು ರೂಪಾಯಿಯನ್ನು ನಾವಿಬ್ಬರೂ ಮೊದಲ ಅಂಗಡಿಯಲ್ಲೇ ಮುಗಿಸಿ, ಉಳಿದ ಜಾತ್ರೆಯನ್ನು ಬರಿಗೈಯಲ್ಲಿ ನೋಡುತ್ತಿದ್ದೆವು. ನನ್ನ ಕೈಯೂ ತಾನೇ ಹೋಗುವ ಕೈ. ಆದರೆ ಹದಿನೈದಕ್ಕೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವನು ಅಣ್ಣ. ಮಧ್ಯಾಹ್ನದ ಹಸಿವು ಕಳೆಯಲೆಂದು ಜೊತೆಯವರು ಅವನಿಗೆ ಮೊದಲ ಪ್ಯಾಕೆಟ್ ಕೊಟ್ಟರು. ಅವನು ಕಳಿಸಿದ ದುಡ್ಡಿನಲ್ಲಿ ಶಹಾಪುರದಲ್ಲಿ ರೂಮು ಮಾಡಿಕೊಂಡು ಓದಿದವನು ನಾನು. ನನ್ನ ಮನಸ್ಸು ಗಟ್ಟಿ ಎಂದುಕೊಂಡದ್ದರಲ್ಲಿ ಅವನ ಕೂಲಿಯೂ ಸೇರಿತ್ತು.

ತಿಂಗಳ ನಂತರ ಮತ್ತೆ ಡಾಕ್ಟರ ಬಳಿ ಹೋಗಿ ಸುರಪುರಕ್ಕೆ ಹಿಂತಿರುಗುತ್ತಿದ್ದೆವು. ಬೈಯುವುದನ್ನು ನಾನು ಬಿಟ್ಟಿದ್ದೆ. ಬಸ್ಸು ಶಹಾಪುರ ನಿಲ್ದಾಣಕ್ಕೆ ಬರುವ ಮೊದಲು ಅಣ್ಣ ಎದ್ದು ನಿಂತ.

"ನೀ ಈ ಕಡಿ ಕೂಡು. ನಾ ಕಿಟಕಿ ಕಡಿ ಕೂಡ್ತೀನಿ. ಬಸ್ಸು ಹೊಂಡೋತನ ನನ್ನ ಇಳಿಲಾಕ ಬಿಡಬ್ಯಾಡ."

ಹತ್ತು ನಿಮಿಷ ಬಸ್ಸು ನಿಂತಿತು. ಕಿಟಕಿಯಾಚೆ ಪಾನ್ ಅಂಗಡಿಯಲ್ಲಿ ಪ್ಯಾಕೆಟ್ಟುಗಳ ಸರ ತೂಗುತ್ತಿತ್ತು. ನಾನು ಕಾಲು ಅಡ್ಡ ಚಾಚಿ ಕುಳಿತೆ. ಅವನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ.