ಶಿಬಿರದಲ್ಲಿ ಇಲ್ಲದ ಮೇಜು

ತಾಲೂಕು ಕ್ರೀಡಾಂಗಣದ ಶಾಮಿಯಾನದೊಳಗೆ ಕಾಲಿಡುತ್ತೀರಿ. ಹನ್ನೊಂದಕ್ಕೇ ಬಿಸಿಲು ರಾಚುತ್ತಿದೆ. ಎಲ್ಲರ ಕೈಯಲ್ಲೂ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಆದಾಯ ಪ್ರಮಾಣಪತ್ರ, ಜೆರಾಕ್ಸ್ ಕಂತೆ. ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯ ತಪಾಸಣಾ ಶಿಬಿರ ಇದು. ಕನಿಷ್ಠ ಶೇ. 40ರಷ್ಟು ವೈಕಲ್ಯವಿದ್ದು, ತಿಂಗಳ ಆದಾಯ 22,500 ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಸಾಧನ ಪೂರ್ತಿ ಉಚಿತ. ಒಂದು ಮೇಜಿನಲ್ಲಿ ಟ್ರೈಸೈಕಲ್‌ಗೆ ಹೆಸರು ಬರೆಯುತ್ತಿದ್ದಾರೆ, ಇನ್ನೊಂದರಲ್ಲಿ ಕಿವಿ ಪರೀಕ್ಷೆ.

ಪಕ್ಕದ ಕುರ್ಚಿಯಲ್ಲಿ ತಾಯಿಯ ತೊಡೆಯ ಮೇಲೆ ಏಳೆಂಟು ವರ್ಷದ ಹುಡುಗ. ಸೆರೆಬ್ರಲ್ ಪಾಲ್ಸಿ, ಕತ್ತು ನಿಲ್ಲದು, ಮಾತು ಬಾರದು. ಇದ್ದಕ್ಕಿದ್ದಂತೆ ಕಿರುಚುತ್ತಾನೆ. "ಬಾಯಾರಿಕೆ ಇರ್ಬೇಕು ಪಾಪ," ಅನ್ನುತ್ತಾರೆ ಹಿಂದಿನವರು. ನೀವು ನೀರಿನ ಬಾಟಲಿ ಚಾಚುತ್ತೀರಿ. ಮುಖ ತಿರುಗಿಸುತ್ತಾನೆ. ತಾಯಿ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ ಹಾಳೆಯೊಂದನ್ನು ತೆಗೆದು ಅವನೆದುರು ಹಿಡಿಯುತ್ತಾಳೆ. ನೀರು, ಊಟ, ನೋವು, ಮನೆ, ಸಾಕು: ಐದೇ ಚಿತ್ರ. ಅವನ ಕಣ್ಣು ಅಲೆದಾಡಿ 'ನೋವು' ಮೇಲೆ ನಿಲ್ಲುತ್ತದೆ. "ಎಲ್ಲಿ ಕಂದ? ಕೈಯಾ? ಕಾಲಾ?" ಕಾಲು ಅಂದಾಗ ಕಣ್ಣು ಮೇಲೆತ್ತುತ್ತಾನೆ, ಅವನ 'ಹೌದು' ಅದು. ಕಾಲಿಗೆ ಕಟ್ಟಿದ ಕ್ಯಾಲಿಪರ್‌ನ ಪಟ್ಟಿ ಸಡಿಲಿಸಿದರೆ ಒಳಗೆ ಚರ್ಮ ಕೆಂಪಗೆ ಊದಿಕೊಂಡಿದೆ.

ಆದರೆ ಎದುರು ಕೂತು ಕಣ್ಣನ್ನೇ ನೋಡುವವರಿದ್ದರೆ ಮಾತ್ರ ಈ ಹಾಳೆ ಮಾತಾಡುತ್ತದೆ. ತಾಯಿ ಒಲೆಯ ಮುಂದಿದ್ದಾಗ? ಸ್ವಿಚ್ಚು ಒತ್ತಿದರೆ, ಚಿತ್ರ ಮುಟ್ಟಿದರೆ ದನಿ ಹೊರಡಿಸುವ ಸಾಧನವಿದ್ದರೆ ಅವನೇ ಅಡುಗೆಮನೆಗೆ ಕೇಳುವಂತೆ ಕರೆದಾನು. ಅಂಥದ್ದೇ 'ಆವಾಜ್' ಆಪ್ ತಯಾರಾಗಿದ್ದು ಪಕ್ಕದ ಚೆನ್ನೈನಲ್ಲಿ.

ತಾಯಿಯ ಸರದಿ ಬರುತ್ತದೆ.

"ಸರ್, ಮಾತಾಡೋ ಮಿಷನ್ ಇದೆಯಂತಲ್ಲ?"

"ಅದು ಇಲ್ಲಿ ಬರಲ್ಲಮ್ಮ. ವೀಲ್‌ಚೇರ್ ಬರ್ಕೊಳ್ಳಲಾ?"

ಮೇಜಿನ ಹಿಂದಿನವರ ದನಿಯಲ್ಲಿ ಒರಟುತನವಿಲ್ಲ. ಮುಂದಿನವರ ಹೆಸರು ಕೂಗುತ್ತಾರೆ.

ಕಿವಿ ಕೇಳದ ಪುಟ್ಟ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ಗೆ ಇದೇ ಯೋಜನೆ ಲಕ್ಷಗಟ್ಟಲೆ ಕೊಡುತ್ತದೆ, ಕೊಡಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾತಿಗೆ ಪರ್ಯಾಯವಾದ ವಿಧಾನಗಳನ್ನೂ ಸಂವಹನವೆಂದೇ ಒಪ್ಪಿದೆ. ಹಾಗಿದ್ದ ಮೇಲೆ ಈ ಹುಡುಗನ ದನಿ ಅಪ್ಪ-ಅಮ್ಮನ ಜೇಬನ್ನು ನಂಬಿ ಕೂರುವುದು ಅನ್ಯಾಯ. ಟ್ಯಾಬ್ ಕೈಗಿತ್ತು ಕಳಿಸಿದರೂ ಸಾಲದು. ತಿಂಗಳುಗಟ್ಟಲೆ ಕೂತು ಕಲಿಸುವ ವಾಕ್ ಚಿಕಿತ್ಸಕರು ಹತ್ತಿರದಲ್ಲೇ ಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ವಾರವಾರ ಬಸ್ಸು ಹತ್ತುವುದು ಕೂಲಿಯವರಿಗೆ ಆಗದ ಮಾತು.

ನಿಮ್ಮ ತಾಲೂಕಿನ ಮುಂದಿನ ಶಿಬಿರಕ್ಕೆ ವಾಕ್ ಚಿಕಿತ್ಸಕರನ್ನು ಕರೆಸಿ, ಅವರಿಗೊಂದು ಮೇಜು ಹಾಕಿಸಿ ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಬರೆಯಿರಿ. ಬಾಯಿಮಾತಿನಲ್ಲಿ ಬಿಡಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.